ನಿದ್ದೆ ಮಾಡುವವರಿಗಲ್ಲ

ಮೇಯೋ ಹಾಲಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಮೂವತ್ತೊಂಬತ್ತು ವರ್ಷ ಟೈಪು ಹೊಡೆದವನು ನಾನು.
ಹೆಸರು ಚೌರಪ್ಪ. ಪುಟಕ್ಕೆ ಹದಿನೈದು ರೂಪಾಯಿ,
ನಡುವೆ ಲ್ಯಾಟಿನ್ ಬಂದರೂ ಅಷ್ಟೇ.

ಲ್ಯಾಟಿನ್ ನನಗೆ ಹೊಸದಲ್ಲ.
ಎಂಟು ವರ್ಷದವನು, ಶಿವಾಜಿನಗರದ ಮಾತೆಯ ಗುಡಿಯಲ್ಲಿ
ಪೂಜೆಗೆ ಗಂಟೆ ಹಿಡಿಯುತ್ತಿದ್ದೆ.
ಸ್ವಾಮಿಗಳು 'ದೊಮಿನುಸ್ ವೊಬಿಸ್ಕುಮ್' ಅಂದರೆ
'ಎತ್ ಕುಮ್ ಸ್ಪಿರಿತು ತುವೊ' ಎಂದು
ಮಗ್ಗಿ ಒಪ್ಪಿಸಿದ ಹಾಗೆ ಒದರಿಬಿಡುವುದು.
ಅರ್ಥ ಕೇಳಿದ್ದಕ್ಕೆ ಉಪದೇಶಿ ಕಿವಿ ಹಿಂಡಿದ:
ದೇವರಿಗೆ ಗೊತ್ತಲ್ಲ, ನಿನಗ್ಯಾಕೋ?

ದೇವರು ಆಮೇಲೆ ಕನ್ನಡ ಕಲಿತ.
ಕೋರ್ಟಿನ್ನೂ ಸ್ಲೇಟಿನ ಮೇಲೆ ತಿದ್ದುತ್ತಿದೆ.

ಟೀ ಕುಡಿಯಲು ಬಂದ ಜೂನಿಯರುಗಳ ಬಾಯಿಂದ
ಅರ್ಥಗಳು ಚಿಲ್ಲರೆಯಾಗಿ ಸಿಕ್ಕವು.
ರೆಸ್ ಇಪ್ಸಾ ಲೊಕ್ವಿತುರ್: ವಸ್ತುವೇ ಮಾತಾಡುತ್ತೆ.
ಹೊಲಿದ ಹೊಟ್ಟೆಯೊಳಗೆ ಕತ್ತರಿ ಸಿಕ್ಕರೆ ಸಾಕ್ಷಿ ಬೇಕೆ?
ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ಅಷ್ಟೇ ತಾನೆ.
ಕೇವಿಯಟ್ ಎಂಪ್ಟರ್: ಕೊಳ್ಳುವವನು ಕಣ್ಣು ಬಿಟ್ಟಿರಬೇಕು.
ಕೆರೆಯಂಗಳದಲ್ಲಿ ಸೈಟು ಕೊಂಡವರು
ಆಮೇಲೆ ಕಣ್ಣು ಕಣ್ಣು ಬಿಡುವುದನ್ನು ಬೇಕಾದಷ್ಟು ಕಂಡಿದ್ದೇನೆ.
ಸೈನೇ ಡೈ: ದಿನ ಗೊತ್ತುಮಾಡದೆ ಮುಂದೂಡಿದೆ.
ಹೆಬ್ಬಾಳದ ಮುದುಕನೊಬ್ಬ ಕೇಳಿಸಿಕೊಂಡದ್ದು
'ಸೈನ್ ಹಾಕು, ಸಾಯಿ' ಅಂತ.
ತಿದ್ದಲು ಹೋಗಲಿಲ್ಲ ನಾನು.

ಮಾರೆಕ್ಕ ಬಂದದ್ದು ಒಂದು ಬೇಸಿಗೆಯ ಮಧ್ಯಾಹ್ನ,
ಕಸ ಗುಡಿಸುವ ಹಸಿರು ಕೋಟು ಬಿಚ್ಚದೆ,
ಕೈಯಲ್ಲಿ ಎಕ್ಸ್ ಪಾರ್ಟೆ ಡಿಕ್ರಿ.
'ನಾನ್ ಯಾವ್ ಪಾರ್ಟೀನೂ ಅಲ್ಲಪ್ಪೋ' ಅಂದಳು.
ಆಸ್ಟಿನ್ ಟೌನಿನ ಅವಳ ಒಂದು ಕೋಣೆಯ ಬಾಗಿಲಿಗೆ
ಸಮನ್ಸು ಅಂಟಿಸಿ ಹೋಗಿದ್ದರಂತೆ.
ಮೊಮ್ಮಗ ಕಿತ್ತು, ಹಿಂದುಗಡೆ ಆನೆ ಬರೆದಿದ್ದ.
ಔದಿ ಆಲ್ತೆರಾಮ್ ಪಾರ್ತೆಮ್, ಆ ಕಡೆಯದನ್ನೂ ಕೇಳು ಎಂದು
ಸಾವಿರ ಸಲ ಟೈಪಿಸಿದ್ದ ಬೆರಳು ಇವು.
ಆನೆ ಇದ್ದ ಕಡೆಯನ್ನು
ಯಾರೂ ಕೇಳಿರಲಿಲ್ಲ.

ನಾನೂರ ಹನ್ನೆರಡು ದಿನ ತಡ.
ಮನ್ನಿಸಿ ಎಂದು ಅರ್ಜಿ ಹೊಡೆದೆ.
ವಾರ ಕಳೆದು ಎದುರಾಳಿಯ ಗುಮಾಸ್ತನೂ
ತಕರಾರು ಹಿಡಿದು ನನ್ನ ಮೇಜಿಗೇ ಬಂದ.
ಟೈಪಿಸ್ಟನಿಗೆ ಎರಡು ಕಡೆಗೂ ಒಂದೇ ರೇಟು.
ವಿಜಿಲಾಂತಿಬುಸ್, ನೋನ್ ದೋರ್ಮಿಯೆಂತಿಬುಸ್:
ಕಾನೂನು ಕೈ ಹಿಡಿಯುವುದು ಎಚ್ಚರ ಇರುವವರನ್ನು,
ನಿದ್ದೆ ಮಾಡುವವರನ್ನಲ್ಲ.

'ಏನಂತೆ?' ಅಂದಳು. ಹೇಳಿದೆ.
ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದಳು.
'ಕೋಳಿ ಕೂಗೋಕ್ ಮುಂಚೆ ಪೊರಕೆ ಹಿಡೀತೀನಿ.
ಹೊಸ ವರ್ಷದ್ ಮಾರ್ನೆ ದಿನ ಬ್ರಿಗೇಡ್ ರೋಡ್ ನೋಡಿದೀಯಾ?
ಬಾಟ್ಲಿ ಚೂರು, ವಾಂತಿ, ಒಂಟಿ ಚಪ್ಪಲಿ.
ಈ ಗೇಟಿನ್ ಮುಂದೂ ನಾನೇ ಗುಡ್ಸೋದು.
ಆ ಹೊತ್ತಲ್ಲಿ ಇಲ್ಲಿ ಬೀಗ. ಒಳಗೆ ಒಂದ್ ದೀಪಾನೂ ಇರಲ್ಲ.
ಯಾರಪ್ಪಾ ಮಲ್ಗಿರೋದು?'

ಆವತ್ತು, ಯಾರೂ ಹೇಳಿ ಬರೆಸದ ಸಾಲೊಂದನ್ನು
ಜೀವಮಾನದಲ್ಲಿ ಮೊದಲ ಸಲ ಟೈಪಿಸಿದೆ.
ಅಫಿಡವಿಟ್ಟಿನ ಒಂಬತ್ತನೇ ಪ್ಯಾರಾ:
'ಅರ್ಜಿದಾರಳು ನಿದ್ದೆ ಮಾಡುತ್ತಿರಲಿಲ್ಲ.'
ಅವಳ ವಕೀಲ ಗೋವರ್ಧನ, ಒಳ್ಳೆಯ ಹುಡುಗನೇ,
ಕೆಂಪು ಇಂಕಿನಲ್ಲಿ ಗೀಟು ಹಾಕಿದ:
'ಇದು ಪಾಯಿಂಟಲ್ಲ, ಚೌರಪ್ಪ.'
ಇರಲಿಕ್ಕಿಲ್ಲ. ಮತ್ತೆ ಹೊಡೆದುಕೊಟ್ಟೆ.
ಆ ಪುಟಕ್ಕೆ ದುಡ್ಡು ಮುಟ್ಟಲಿಲ್ಲ.

ಅರ್ಜಿ ಏನಾಯಿತು ಅಂತ ನನ್ನನ್ನು ಕೇಳಬೇಡಿ,
ಆದೇಶ ಟೈಪು ಮಾಡುವವರು ಒಳಗಿರುತ್ತಾರೆ.
ನನ್ನ ಡಬ್ಬಿಯಲ್ಲಿ ಉಳಿದದ್ದು ಆ ದಿನದ
ಒಂದು ಕಾರ್ಬನ್ ಹಾಳೆ. ಬಿಸಿಲಿಗೆ ಹಿಡಿದರೆ
ಸಾಲು ಇನ್ನೂ ಇದೆ,
ತಿರುವುಮುರುವಾಗಿ, ಬಲದಿಂದ ಎಡಕ್ಕೆ.
ಓದಲು ಬಾರದವರು
ಲ್ಯಾಟಿನ್ನೇ ಇರಬೇಕು ಅಂದುಕೊಳ್ಳುತ್ತಾರೆ.