ನಲವತ್ತಮೂರನೆಯ ಗುಂಡಿ

ಫಹಾಹೀಲಿನ ನಮ್ಮ ಶಾಲೆಗೆ ಟ್ಯಾಬ್ಲೆಟ್ ಬಂದಿದ್ದು ಒಂದೇ,
ಚಾರ್ಜರು ಮಾತ್ರ ಎರಡು.
ಚಿತ್ರ ಒತ್ತಿದರೆ ಮಾತು. ಲೋಟ ಒತ್ತಿದರೆ
ನಲವತ್ತು ದಾಟಿದ ಅಮೆರಿಕದ ಹೆಂಗಸೊಬ್ಬಳು
ನಾಜೂಕಾಗಿ ನೀರು ಕೇಳುತ್ತಾಳೆ.

ಮೇದಿನಿಗೆ ಒಂಬತ್ತು. ಹುಟ್ಟಿದಾಗಿನಿಂದ
ಗಂಟಲಲ್ಲಿ ಬರೀ ಗಾಳಿ.
ರಿಫೈನರಿಯಲ್ಲಿ ಕ್ರೇನು ನಡೆಸುವ ಅವಳಪ್ಪ ವೀರೇಶಪ್ಪ
ಪಾಳಿ ಮುಗಿಸಿ ಬಂದು, ಬೂಟು ಬಾಗಿಲಾಚೆ ಬಿಟ್ಟು, ಕೇಳಿದ:
"ಇದು ಯಾರ ದನಿರೀ ಟೀಚರ್?
ಮನ್ಯಾಗ ಯಾರೋ ಬಂದು ಕುಂತಂಗ ಆಗತೈತಿ."

ಪೆಟ್ಟಿಗೆಯಲ್ಲಿ ಕನ್ನಡದ ದನಿ ಇರಲಿಲ್ಲ.
ಐದನೇ ಕ್ಲಾಸಿನ ರುಮಾನಾ ಗಂಗಾವತಿ ಕಡೆಯವಳು;
ಸ್ಟೋರ್‌ರೂಮಿನಲ್ಲಿ ಕೂರಿಸಿದೆ, ಗುರುಗುಟ್ಟುವ ಎಸಿ ಆರಿಸಿದೆ.
ಹೊರಗೆ ಮರಳಗಾಳಿ, ಕಿಟಕಿಯ ಸಂದಿಗೆ ಒದ್ದೆ ಟವೆಲು.
ನಲವತ್ತೆರಡು ಪದ: ನೀರು, ಅಪ್ಪ, ನೋವು, ಇನ್ನೊಂಚೂರು...
ಒಂದೊಂದನ್ನೂ ಮೂರು ಸಲ ಹೇಳಿ, ಬೆವತು,
ಕೊನೆಗೆ ಹುಡುಗಿ ಮೈಕಿನೆದುರೇ ಸಿಡುಕಿದಳು:
"ಸಾಕ್ ಬಿಡ್ರಿ ಮಿಸ್!"

ಅಳಿಸುವುದು ಮರೆತೆ.
ಚಿತ್ರವಿಲ್ಲದ ಬೂದು ಚೌಕವೊಂದು ಮೂಲೆಯಲ್ಲಿ ಕೂತಿತು.

ಮೇದಿನಿಗೆ ಅದು ಸಿಕ್ಕಿದ್ದು ಭಾನುವಾರ,
ಅದೇ ಸೇಬಿನ ಕಾರ್ಡನ್ನು ನಾನು ಏಳನೆಯ ಬಾರಿ
ಎತ್ತಿ ಹಿಡಿದಾಗ. ಬೆರಳು
ಸುತ್ತಾಡಿತು, ನಿಂತಿತು, ಇಳಿಯಿತು.
"ಸಾಕ್ ಬಿಡ್ರಿ ಮಿಸ್!"

ಇಬ್ಬರೂ ಬೆಚ್ಚಿದೆವು.
ಆಮೇಲೆ ಅವಳು, ನನ್ನ ಮುಖವನ್ನೇ ನೋಡುತ್ತ,
ಇನ್ನೊಮ್ಮೆ ಒತ್ತಿದಳು. ನಿಧಾನ. ಬೇಕೆಂದೇ.

ಕಾರ್ಡನ್ನು ಡ್ರಾಯರಿಗೆ ಹಾಕಿದೆ.
ತಿಂಗಳ ವರದಿಯಲ್ಲಿ ಒಂದು ಕಾಲಮ್ಮಿದೆ, ಕಲಿತ ಪದಗಳು ಅಂತ.
ಅದನ್ನು ತುಂಬಿಸಿ ಕಳಿಸಿದ್ದೇನೆ.
ಸೇಬು ಅದರಲ್ಲಿ ಇನ್ನೂ ಇಲ್ಲ.