ಕೈ ಎಲ್ಲಿ ಮಡಗಲಿ

ಎಲ್ಲರೂ ಮೊದಲು ಕೇಳುವುದು ಇದನ್ನೇ.
ಬ್ಯಾಂಕಿನವರು, ಬಸ್ ಕಂಪನಿಯವರು, ಊದುಬತ್ತಿಯ ಮೂರನೇ ತಲೆಮಾರು,
ಲಾಭ ನಷ್ಟ ಬಾಯಿಪಾಠ ಇದ್ದವರೂ
ಕ್ಯಾಮೆರಾದ ಕೆಂಪು ದೀಪ ಹತ್ತಿದ್ದೇ ತಡ
ತಮ್ಮ ಎರಡು ಕೈಗಳನ್ನು
ಯಾರೋ ಬಿಟ್ಟುಹೋದ ಸಾಮಾನಿನಂತೆ ನೋಡುತ್ತಾರೆ.

ಬೋರಲಿಂಗಯ್ಯ ಕೇಳಿದ್ದು ಹೀಗೆ:
"ಮೇಡಮ್ನೋರೆ, ಈ ಕೈ ಎಲ್ಲಿ ಮಡಗ್ಲಿ?"

ಮೈಸೂರು, ಜೆಎಲ್‌ಬಿ ರಸ್ತೆಯ ಹೋಟೆಲು, ಎರಡನೇ ಮಹಡಿ.
ಯಾರದೋ ರಿಸೆಪ್ಷನ್ನಿನ ಮಿನುಗು ಇನ್ನೂ ಕಾರ್ಪೆಟ್ಟಿನಲ್ಲಿ.
ಇಮ್ದಾದ್ ಲೈಟು ನಿಲ್ಲಿಸುತ್ತಿದ್ದ.
ವಕೀಲ ಸಂಪತ್ಕುಮಾರನ್ ಒಂದು ಹಾಳೆ ತಂದಿದ್ದರು,
ಅದರ ತುಂಬ ಹನ್ನೊಂದು "ಹೇಳಕೂಡದು."

ತೂಬಿನಕೆರೆಯ ಕಾರ್ಖಾನೆಯಲ್ಲಿ ಬುಧವಾರ, ರಾತ್ರಿ ಪಾಳಿ,
ನಾಲ್ಕನೇ ಪ್ರೆಸ್ಸು ಸಿದ್ದಪ್ಪಾಜಿ ಎಂಬ ಹುಡುಗನ
ಬಲಗೈಯನ್ನು ಮಣಿಕಟ್ಟಿನವರೆಗೆ ತೆಗೆದುಕೊಂಡಿತ್ತು.
ಶನಿವಾರ ಟೀವಿಯವರು ಬರುತ್ತಾರೆ.
ನಮಗಿದ್ದದ್ದು ಒಂದು ಮಧ್ಯಾಹ್ನ.

ಹದಿನಾರು ವರ್ಷ ಮೈಕಿನ ಆಚೆ ಬದಿಯಲ್ಲಿದ್ದವಳು ನಾನು.
ಪ್ರಶ್ನೆ ಎಲ್ಲಿ ಚುಚ್ಚುತ್ತದೆಂದು ಗೊತ್ತು. ಚುಚ್ಚಿದ್ದೇನೆ.
ಈಗ ಗಂಟೆಗಿಷ್ಟೆಂದು ಮುಲಾಮು ಮಾರುತ್ತೇನೆ.
ಮೂರೇ ಮಾತು ಇಟ್ಟುಕೊಳ್ಳಿ, ನಾಲ್ಕನೆಯದು ನಿಮ್ಮನ್ನು ತಿನ್ನುತ್ತದೆ.
ಅವರ ಕೆಟ್ಟ ಪದ ನಿಮ್ಮ ಬಾಯಿಗೆ ಬರಕೂಡದು.
"ಅದು ಸರಿ, ಆದರೆ ಮುಖ್ಯವಾದ ಮಾತೆಂದರೆ" ಎಂದು
ಸೇತುವೆ ಹಾಕಿ ದಾಟಿಬಿಡಿ.
ನೀರು ಕುಡಿಯಿರಿ, ಪ್ರಶ್ನೆ ಮುಗಿದ ಕೂಡಲೇ ಮಾತ್ರ ಬೇಡ.
"ಮಡಗು" ಬೇಡ, "ಇಡು" ಅನ್ನಿ.
"ಹೈಕ್ಳು" ಬೇಡ, "ಸಿಬ್ಬಂದಿ."

ಬರೆದುಕೊಂಡರು, ಎಡಗೈಯಲ್ಲಿ ಹಾಳೆ ಒತ್ತಿ ಹಿಡಿದು.
ಆಗ ಕಂಡಿತು:
ತೋರುಬೆರಳು ಎರಡನೇ ಗೆಣ್ಣಿಗೇ ನಿಂತಿತ್ತು.
ನಾನು ಕೇಳಲಿಲ್ಲ.
"ಎಪ್ಪತ್ತೊಂಬತ್ತು. ಮೇಟಗಳ್ಳೀಲಿ ಅಪ್ರೆಂಟಿಸು.
ಬೆರಳು ಕಳಕಂಡ ಮ್ಯಾಲೆ ಸಾಹೇಬ ಒಂದು ಟೀ ಕುಡಿಸ್ದ."
ನಕ್ಕರು. ವಕೀಲರು ನಗಲಿಲ್ಲ.
ನಾನು ವೃತ್ತಿಯ ದನಿಯಲ್ಲಿ ಹೇಳಿದೆ:
ಆ ಕೈ ಮೇಜಿನ ಕೆಳಗಿರಲಿ ಸಾರ್,
ಕಂಡರೆ ಜನ ಮಾತು ಕೇಳುವುದಿಲ್ಲ.

ಐದು ಸಲ ಅಣಕು ಸಂದರ್ಶನ. ನಾನೇ ಕ್ರೂರಿ.
"ಪ್ರೆಸ್ಸಿಗೆ ಗಾರ್ಡು ಯಾಕಿರಲಿಲ್ಲ?"
ಮೊದಲನೇ ಸಲ ಎಲ್ಲ ಹೇಳಿಬಿಟ್ಟರು:
ಆರ್ಡರಿನ ಗಡುವು, ಗಂಟೆಗೆ ನಲವತ್ತು ಪೀಸು ಹೆಚ್ಚು,
"ಬಿಚ್ರೋ ಅಂದೋನು ನಾನಲ್ಲ.
ಬಿಚ್ಬ್ಯಾಡ್ರೋ ಅಂತಲೂ ಅನ್ನನಿಲ್ಲ."
ಇಮ್ದಾದ್ ನನ್ನತ್ತ ನೋಡಿದ.
ಅಳಿಸು ಎಂದೆ.

ಐದನೇ ಸಲ:
"ತನಿಖೆ ನಡೆಯುತ್ತಿದೆ. ಸಿಬ್ಬಂದಿಯ ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ."
ಹೊಸ ಸ್ಟೀಲು ಲೋಟದ ಹಾಗೆ, ಎಲ್ಲೂ ಕಲೆಯಿಲ್ಲ.
ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು.

ಶನಿವಾರ ಸರಸ್ವತಿಪುರಂನ ನನ್ನ ಮನೆ,
ಕುಕ್ಕರಿನ ಸೀಟಿಗೆ ಟೀವಿಯ ದನಿ ಏರಿಸಿ ಕೂತೆ.
ವರದಿಗಾರ್ತಿ ತೀರ ಚಿಕ್ಕವಳು, ಮೆಲ್ಲಗೆ ಕೇಳಿದಳು:
"ಆ ಹುಡುಗನಿಗೆ ಏನು ಹೇಳುತ್ತೀರಿ?"
ಇದು ನಮ್ಮ ಹಾಳೆಯಲ್ಲಿರಲಿಲ್ಲ.

"ಅದು ಸರಿ," ಎಂದರು ಬೋರಲಿಂಗಯ್ಯ. ಸೇತುವೆ ಸಿಗಲಿಲ್ಲ.
ಆಮೇಲೆ ಎಡಗೈ ಮೇಜಿನ ಮೇಲೆ ಬಂತು,
ಆಮೆ ದಡಕ್ಕೆ ಬರುವ ಹಾಗೆ, ಮೊಂಡು ಬೆರಳು ಮುಂದಾಗಿ.
"ಏನೂ ಯೋಳಾಕಿಲ್ಲ ಕಣವ್ವ. ಅವನ ಪಕ್ಕ ಕೂತ್ಕತೀನಿ."

ಆ ತುಣುಕು ಊರೂರು ಸುತ್ತಿತು. ಹಾಡಿ ಹೊಗಳಿದರು.
ಸೋಮವಾರ ಸಂಪತ್ಕುಮಾರನ್ ಫೋನು:
"ಕೈ ತೋರಿಸಿದ್ದು ನಿಮ್ಮ ಐಡಿಯಾನಾ? ಅದ್ಭುತ!"
ನಾನು ಹೌದೆನ್ನಲಿಲ್ಲ.
ಅಲ್ಲ ಅಂತಲೂ ಅನ್ನಲಿಲ್ಲ.

ಬಚ್ಚಿಡು ಎಂದು ನಾನು ಹೇಳಿದ್ದರಿಂದಲೇ
ತೋರಿಸಿದರೆ ಏನು ಬೆಲೆಯೆಂದು ಅವರಿಗೆ ತಿಳಿಯಿತೇ,
ಇಲ್ಲ, ಆ ಕೈಗೆ ಬೇರೆ ಜಾಗವೇ ಇರಲಿಲ್ಲವೇ,
ಆ ತುಣುಕನ್ನು ಎಷ್ಟೋ ಸಲ ನೋಡಿದೆ, ಗೊತ್ತಾಗಲಿಲ್ಲ.

ಬಿಲ್ಲು ಕಳಿಸಿದೆ: ಅರ್ಧ ದಿನ, ಕ್ಯಾಮೆರಾ ಬಾಡಿಗೆ, ಜಿಎಸ್‌ಟಿ.

ಪ್ರೆಸ್ಸಿಗೆ ಗಾರ್ಡು ಯಾಕಿರಲಿಲ್ಲ ಎಂದು
ಆ ಹುಡುಗಿ ಕೇಳಲಿಲ್ಲ.
ಆಮೇಲೆ ಯಾರೂ ಕೇಳಲಿಲ್ಲ.