ಮೂರೂಮುಕ್ಕಾಲು ಡಾಲರಿನ ಹಲ್ಲು

ಕ್ಯಾಶ್ ಕೌಂಟರಿನ ಪಕ್ಕ, ಚೂಯಿಂಗ್ ಗಮ್ಮಿನ ಕೆಳಗೆ
ಕೊಕ್ಕೆಗೆ ಜೋತುಬಿದ್ದಿತ್ತು ಪ್ಯಾಕೆಟ್ಟು:
‘ಹಿಲ್‌ಬಿಲಿ ಹಲ್ಲು. ಎಲ್ಲ ಬಾಯಿಗೂ ಹೊಂದುತ್ತದೆ.’
ಅಂದರೆ ಗುಡ್ಡದ ಗಮಾರನದು. ಅಂದರೆ ನಮ್ಮದು.
ಮೇಲೊಂದು ಚಿತ್ರ: ಹರಕು ಟೋಪಿ, ಬರಿಗಾಲು,
ಒಂದು ಕಣ್ಣು ಹೆಂಡದ ಹೂಜಿಗೆ, ಇನ್ನೊಂದು ಎಲ್ಲಿಗೋ.

ಕೊಂಡೆ. ಕೊಳ್ಳಬಾರದಿತ್ತು.
ಮೂವತ್ತೊಂದು ವರ್ಷ ಹಲ್ಲಿನ ಸೆಟ್ಟು ಕಟ್ಟಿದ ಕೈ,
ಕೆಟ್ಟ ಕೆಲಸವನ್ನೂ ತಿರುಗಿಸಿ ನೋಡದೆ ಬಿಡದು.

ತಯಾರಕರೇ,
ಕೆಂಟಕಿಯ ಪೂರ್ವದ ಬೆಟ್ಟದಿಂದ, ನನ್ನ ಬೆಂಚಿನಿಂದ, ದೀಪದ ಕೆಳಗೆ
ಬರೆಯುತ್ತಿದ್ದೇನೆ. ಮೊದಲು ಕಸುಬಿನ ಮಾತು.
ನಿಮ್ಮ ಕೋರೆಹಲ್ಲು ತಿರುವುಮುರುವಾಗಿದೆ.
ಒಸಡಿಗೆ ಬಳಿದ ಬಣ್ಣ ಯಾವ ಜೀವಿಯದೂ ಅಲ್ಲ.
ಹುಳುಕನ್ನು ಹೀಗೆ ದೃಷ್ಟಿಬೊಟ್ಟಿನ ಹಾಗೆ
ನಟ್ಟನಡುವೆ ಇಟ್ಟರೆ ಯಾರು ನಂಬುತ್ತಾರೆ?
ಅದು ಸಂದಿಯಿಂದ ಬರುತ್ತದೆ, ಸದ್ದಿಲ್ಲದೆ,
ಬಾಡಿಗೆಗೆ ಬರುವವನ ಹಾಗೆ, ತಿಂಗಳು ತಿಂಗಳು.

ಇನ್ನು ಮುಂದಿನೆರಡರ ನಡುವಿನ ಆ ಕಿಂಡಿ,
ಅದನ್ನು ಎಲ್ಲಿ ನೋಡಿದಿರಿ?
ಅದು ನಮ್ಮಪ್ಪನದು.
ವರ್ಲಿನ್ ಸ್ಟ್ಯಾಂಪರ್. ಮೂರನೇ ನಂಬರಿನ ಗಣಿ, ರಾತ್ರಿ ಪಾಳಿ.
ಸಿಡಿಮದ್ದಿನ ಕೇಪನ್ನು ಬತ್ತಿಗೆ ಸಿಕ್ಕಿಸಿ
ಇಕ್ಕಳದಲ್ಲಿ ಅದುಮಬೇಕು, ಅದು ನಿಯಮ.
ಇಕ್ಕಳ ಕಂಪನಿ ಅಂಗಡಿಯಲ್ಲಿತ್ತು,
ಹಲ್ಲು ಬಾಯಲ್ಲೇ ಇತ್ತು.
ಹಲ್ಲು ಕಚ್ಚಿ ದುಡಿಯುವುದು ಬೇರೆಯವರಿಗೆ ಬರೀ ಮಾತು,
ನಮ್ಮ ಮನೆಯಲ್ಲಿ ಹಾಜರಿ ಪುಸ್ತಕ.

ವರ್ಷಕ್ಕೊಂದು ಸಲ ಹೈಸ್ಕೂಲಿನ ಜಿಮ್ಮಿನಲ್ಲಿ
ಪುಕ್ಕಟೆ ದಂತ ಶಿಬಿರ.
ಹಿಂದಿನ ರಾತ್ರಿಯೇ ಮೈದಾನದ ತುಂಬ ಪಿಕಪ್ ಟ್ರಕ್ಕು,
ಕಂಬಳಿ ಹೊದ್ದು, ದವಡೆ ಹಿಡಿದು, ನಂಬರಿನ ಚೀಟಿ ಮುಷ್ಟಿಯಲ್ಲಿ.
ಯಾರೂ ಹೂಜಿ ತಂದಿರಲಿಲ್ಲ. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು,
ಪಕ್ಕದ ಟ್ರಕ್ಕಿಗೂ ಸಾಲುವಷ್ಟು.
ಇಯುಲಾ ಫ್ಯೂಗೇಟ್ ಹತ್ತೊಂಬತ್ತು ವರ್ಷ
ಕೈ ಅಡ್ಡ ಹಿಡಿದೇ ನಕ್ಕವಳು.
ನಾನು ಸೆಟ್ಟು ಕೂರಿಸಿದೆ. ಕನ್ನಡಿ ಕೊಟ್ಟೆ.
ನಗು ಬಂತು, ಅದರ ಹಿಂದೆಯೇ ಕೈಯೂ ಎದ್ದು ಬಂತು.
ಈಗಲೂ ಏಳುತ್ತದೆ.
ಆ ಕೈಗೆ ಏನು ಕಟ್ಟಿಕೊಡಲಿ, ನನ್ನ ಹತ್ತಿರ ಅದರ ಅಚ್ಚಿಲ್ಲ.

ನಿಜ ಹೇಳಿಬಿಡುತ್ತೇನೆ.
ನನ್ನ ಅನ್ನ ಬಂದದ್ದೂ ಬೊಚ್ಚುಬಾಯಿಗಳಿಂದಲೇ.
ನಿಮ್ಮ ಹಲ್ಲು ಹಾಕಿಕೊಂಡು ತಮ್ಮನ ಮಗ ಹಾರ್ಲನ್
ಚರ್ಚಿನ ಊಟದಲ್ಲಿ ಪಾದ್ರಿಯ ಮುಂದೆ ಹಲ್ಲು ಗಿಂಜಿದಾಗ
ಬೀನ್ಸು ನೆತ್ತಿಗೇರುವ ಹಾಗೆ ನಕ್ಕವರಲ್ಲಿ ನಾನೂ ಒಬ್ಬಳು.
ಆಮೇಲೆ ತಟ್ಟೆ ತೊಳೆಯುವಾಗ
ಯಾಕೋ ಯಾರೂ ಮಾತಾಡಲಿಲ್ಲ.
ಅದೇ ಹುಡುಗ ಮುಂದಿನ ವಾರ ಲೆಕ್ಸಿಂಗ್ಟನ್ನಿನಲ್ಲಿ
ಕೆಲಸದ ಸಂದರ್ಶನಕ್ಕೆ ಹೋದ.
ಬಾಯಿ ತೆರೆದು ಊರ ಹೆಸರು ಹೇಳಿದ್ದೇ ತಡ,
ಮೇಜಿನಾಚೆಯವರು ಅವನ ಬಾಯನ್ನೇ ನೋಡಿದರಂತೆ.
ಮೂವತ್ತೆರಡೂ ಇವೆ ಅವನಿಗೆ. ಎಣಿಸಿರಬೇಕು.

ನಾನು ಸುಮ್ಮನೆ ಕೂರಲಾರದ ಹೆಂಗಸು.
ನಿಮ್ಮ ಕೋರೆಯನ್ನು ಕಿತ್ತು ನೆಟ್ಟಗೆ ಕೂರಿಸಿದ್ದೇನೆ.
ಕಪ್ಪು ಬೊಟ್ಟನ್ನು ಅರದಲ್ಲಿ ಉಜ್ಜಿದ್ದೇನೆ.
ಒಸಡಿಗೆ ಒಸಡಿನ ಬಣ್ಣ, ನಾಲ್ಕು ಸಲ ಲೇಪ.
ಕಿಂಡಿಯನ್ನು ಮಾತ್ರ ಮುಚ್ಚಲಿಲ್ಲ.
ಮೇಣ ಬೆಚ್ಚಗೆ ಮಾಡಿಕೊಂಡು, ನೆನಪಿನಿಂದ,
ಎಡಕ್ಕೆ ತುಸು ವಾಲಿದ ಹಾಗೆ, ಇದ್ದ ಹಾಗೇ ತಿದ್ದಿದೆ.
ಈಗ ಇದು ಒಂದೇ ಬಾಯಿಗೆ ಹೊಂದುತ್ತದೆ,
ಆ ಬಾಯಿ ಗುಡ್ಡದ ಮೇಲೆ, ಓಕ್ ಮರದ ಬುಡದಲ್ಲಿ, ಮಣ್ಣಲ್ಲಿದೆ.

ಈ ಡಬ್ಬಿಯಲ್ಲಿ ಹತ್ತಿಯೊಳಗೆ ಇಟ್ಟು ಕಳಿಸಿದ್ದೇನೆ.
ಜೋಪಾನ, ಬಿಸಿನೀರು ತಾಗಿಸಬೇಡಿ.
ದುರಸ್ತಿ ನೂರ ನಲವತ್ತು, ಅಂಚೆ ಹನ್ನೊಂದು,
ಬಿಲ್ಲು ಜೊತೆಗಿದೆ.
ಉದ್ರಿ ಇಲ್ಲ.

ಡೆಲ್ಫಾ ಸ್ಟ್ಯಾಂಪರ್